ಚನ್ನಪಟ್ಟಣದ ವೈನು, ನಮ್ಮ ತೆಂಗಿನ ನೀರಾ

ವೈನು ಅಂದ ತಕ್ಷಣ ಮೂಗು ಮುರೀಬೇಡಿ ಕಣ್ರಮ್ಮ. ಸೊಸೆ, ನಾದಿನಿ, ನಾನು ಮೂರೂ ಜನ ಚನ್ನಪಟ್ಟಣದ ಹತ್ರದ ವೈನರಿ ನೋಡ್ಕಂಡು ಬಂದಿದ್ದು ಗೊತ್ತಾದಾಗ್ಲಿಂದ ಸಿಕ್ಕಿದೋರೆಲ್ಲ ಕೇಳೋದು ಒಂದೇ ಮಾತು, "ಕುಡುದ್ರಾ?" ಅಂತ. ರುಚಿ ನೋಡಿದ್ವಿ. ಮುಚ್ಚಿಡೋದೇನೈತೆ ಅದ್ರಲ್ಲಿ. ಆದ್ರೆ ಬಂದ್ಮೇಲೆ ನನ್ನ ತಲೇಲಿ ಕೊರೀತಾ ಇರೋದು ಅದೇ ತಾಲ್ಲೂಕಲ್ಲಿ ತೆಂಗಿನ ಮರದ ರಸಕ್ಕಾದ ಗತಿ. ಅದ್ನ ಬರೀಬೇಕು ಅಂತ ಕೂತಿದೀನಿ.

ಮೊದ್ಲು ವೈನರಿ ವಿಷಯ. ನಮ್ಮ ಸಂಪಿಗೆ ಕಡೆಯಿಂದ ಕುಣಿಗಲ್, ಹುಲಿಯೂರುದುರ್ಗ, ಮದ್ದೂರು ಮೇಲೆ ಹೋದ್ರೆ ಚನ್ನಪಟ್ಟಣ. ಬೊಂಬೆ ಊರು, ನಿಮಗೆಲ್ಲ ಗೊತ್ತು. ಅಲ್ಲಿ ಹೆರಿಟೇಜ್ ಅನ್ನೋ ಹೆಸರಲ್ಲಿ ಒಂದು ವೈನರಿ ಇತ್ತು. ಆಮೇಲೆ ಅದ್ನ ನಾಸಿಕ್‌ನ ಸುಲಾದೋರು ಕೊಂಡ್ಕಂಡ್ರು, ಈಗ ಡೊಮೈನ್ ಸುಲಾ ಅಂತಾರೆ. ದುಡ್ಡು ಕಟ್ಟಿದ್ರೆ ಒಳಗೆಲ್ಲ ಸುತ್ತಾಡಿಸಿ, ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕು ತೋರಿಸಿ, ಕೊನೆಗೆ ಒಂದೊಂದು ಗುಟುಕು ಬೇರೆ ಬೇರೆ ವೈನು ಕೊಡ್ತಾರೆ.

ಕೆಂಪು ವೈನಿಗೆ ಬಣ್ಣ ಬರೋದು ದ್ರಾಕ್ಷಿ ಸಿಪ್ಪೆಯಿಂದ. ಸಿಪ್ಪೆ ಸಮೇತ ಹುಳಿ ಬರೋಕೆ ಬಿಟ್ರೆ ಕೆಂಪು, ರಸ ಮಾತ್ರ ತೆಗೆದು ಬಿಟ್ರೆ ಬಿಳಿ. ನಮ್ಮ ದೋಸೆ ಹಿಟ್ಟು ಉಬ್ಬೋ ಹಂಗೇನೇ ಅದೂ ಬುರುಬುರು ಅಂತೈತೆ. ರಸದಲ್ಲಿರೋ ಸಕ್ಕರೆಯನ್ನ ಯೀಸ್ಟು ತಿಂದು ಆಲ್ಕೋಹಾಲು ಮಾಡೈತೆ, ಅಷ್ಟೇ. ಲೋಟ ಹಿಡಿಯೋದಕ್ಕೂ ಒಂದು ಕ್ರಮ. ಕಾಲನ್ನ ಹಿಡೀಬೇಕು, ಹೊಟ್ಟೇನ ಹಿಡಿದ್ರೆ ಕೈ ಬಿಸಿಗೆ ವೈನು ಬೆಚ್ಚಗಾಗೈತೆ. ಅಲ್ಲಾಡಿಸಿ, ಮೂಸಿ, ಆಮೇಲೆ ಒಂದು ಗುಟುಕು ಬಾಯಲ್ಲಿ ತಿರುಗಿಸ್ಬೇಕು. ಬೇಡ ಅಂದ್ರೆ ಉಗಿಯೋಕೆ ಪಾತ್ರೇನೂ ಇಟ್ಟಿರ್ತಾರೆ. ನಮ್ಮ ನಾದಿನಿ ಕೆಂಪು ವೈನು ಬಾಯಿಗಿಟ್ಟೋಳೇ, "ಅತ್ತಿಗೆ, ಇದು ಕಾಯಿ ನೇರಳೆಹಣ್ಣು ಕಣೆ" ಅಂದ್ಲು. ಸರಿಯಾಗೇ ಹೇಳಿದ್ಲು. ಸಿಪ್ಪೆ, ಬೀಜದ ಒಗರು ಅದು. ನಂಗೆ ಬಿಳೀದು ಹಿಡಿಸ್ತು.

ನಮ್ಮ ರಾಜ್ಯದಲ್ಲಿ ಇದು ಭಾಳ ಹಳೇದೇನಲ್ಲ. ಬೆಂಗಳೂರು ಬ್ಲೂ ದ್ರಾಕ್ಷಿ, ನಾವು ಸಂತೇಲಿ ತಗೊಳ್ಳೋ ಘಮ್ಮನ್ನೋ ಬೀಜದ ಕಪ್ಪು ದ್ರಾಕ್ಷಿ, ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೀತಾರಲ್ಲ, ಅದಕ್ಕೀಗ ಭೌಗೋಳಿಕ ಗುರುತೂ ಸಿಕ್ಕೈತೆ. ಆದ್ರೆ ಫ್ರಾನ್ಸಿನ ತಳಿ ತಂದು ನಂದಿಬೆಟ್ಟದ ತಪ್ಪಲಲ್ಲಿ ನೆಟ್ಟೋರು ಕನ್ವಲ್ ಗ್ರೋವರ್ ಅನ್ನೋರು, 1988ರಲ್ಲಿ. ಜಾರ್ಜ್ ವೆಸೆಲ್ ಅಂತ ಫ್ರಾನ್ಸಿನ ವೈನ್ ಪರಿಣತ್ರು ಜೊತೆಗಿದ್ರು. ಆಗಿನ್ನೂ ನಮ್ಕಡೆ ವೈನು ಅಂದ್ರೆ ಚರ್ಚಿನೋರ ಮನೆ ಕ್ರಿಸ್‌ಮಸ್ಸಿನ ಸಾಮಾನು ಅಂತಿದ್ವಿ.

ನಮ್ಮ ಕಡೆಯ ಪಾನೀಯ ಬೇರೆ. ಹೆಂಡ ಅಂದ್ರೆ ನಮ್ಮಲ್ಲಿ ಹೆಚ್ಚಾಗಿ ಈಚಲು ಮರದ್ದು. ಹಳೇ ಮೈಸೂರು ಸೀಮೇಲೆಲ್ಲ ಈಚಲ ವನಗಳಿದ್ವು, ಸರ್ಕಾರಕ್ಕೆ ಅದ್ರಿಂದ ಚೆನ್ನಾಗಿ ದುಡ್ಡು ಬರ್ತಿತ್ತು. ಅದಕ್ಕೇ ಗಾಂಧಿ ಕಾಲದೋರು ಆ ಮರಗಳ ಮೇಲೇ ಕೊಡಲಿ ಎತ್ತಿದ್ದು. 1939ರಲ್ಲಿ ಚಿತ್ರದುರ್ಗದ ಹತ್ರ ತುರುವನೂರಲ್ಲಿ ಈಚಲ ಮರ ಕಡಿದು ಸತ್ಯಾಗ್ರಹ ಮಾಡಿ ಜನ ಜೈಲಿಗೆ ಹೋದ್ರು. ಇದನ್ನ ಸ್ಕೂಲಲ್ಲಿ ಎಲ್ಡು ಸಾಲು ಓದಿದ್ವಿ, ಪರೀಕ್ಷೆ ಆದ್ಮೇಲೆ ಮರೆತ್ವಿ.

ಹೆಂಗಸರು ಮರೀದೇ ಇದ್ದಿದ್ದು ಸಾರಾಯಿ. ಪ್ಯಾಕೆಟ್ ಸಾರಾಯಿ ಕಾಲ ನಿಮಗೂ ಜ್ಞಾಪಕ ಇರ್ಬೇಕು. ನಮ್ಮ ದೊಡ್ಡಮ್ಮನ ಮನೇಲಿ ಅಟ್ಟದ ಮೇಲೆ ಕಾಯಿ ತುಂಬ್ತಿದ್ರು. ಉಂಡೆ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು, ಒಳಗೆ ನೀರೆಲ್ಲ ಇಂಗಿ ಗುಡುಗುಡು ಅನ್ನೋವರ್ಗೂ ಮುಟ್ಟೋ ಹಂಗಿಲ್ಲ. ದೊಡ್ಡಪ್ಪ ನಾಲ್ಕೇ ತಿಂಗಳಿಗೆ ರಾತ್ರಿ ಹತ್ತಿ ಅರ್ಧ ಚೀಲ ಇಳಿಸ್ಕಂಡು ಹೋಗೋರು. ಬೆಳಿಗ್ಗೆ ದೊಡ್ಡಮ್ಮ ಏಣಿ ನೋಡ್ತಿದ್ರು, ಏಣಿ ಜಾಗ ಬದ್ಲಾಗಿದ್ರೆ ಸಾಕು, ಅಡುಗೆಮನೆಗೆ ಹೋಗಿ ಸುಮ್ನೆ ಒಲೆ ಉರಿಸ್ತಿದ್ರು. ತಿಪಟೂರು ಮಾರುಕಟ್ಟೇಲಿ ಕೊಬ್ಬರಿ ರೇಟು ಏರಿದ ವರ್ಷಾನೂ ಆ ಮನೆಗೆ ಏನೂ ಸಿಕ್ಲಿಲ್ಲ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1992ರ ಸುಮಾರಿಗೆ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದ ಸುದ್ದಿ ಪೇಪರಲ್ಲಿ ಬಂದಾಗ ದೊಡ್ಡಮ್ಮ ಅದ್ನ ಎಲ್ಡು ಸಲ ಓದಿಸಿ ಕೇಳಿದ್ರು. ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿದ್ದು 2007ರ ಜುಲೈ 1ಕ್ಕೆ. ಅಷ್ಟೊತ್ತಿಗೆ ದೊಡ್ಡಪ್ಪ ಇರ್ಲಿಲ್ಲ. ನಿಂತಿದ್ದೂ ಎಷ್ಟು ನಿಂತಂಗಾಯ್ತೋ, ಕುಡಿಯೋರು ಅಗ್ಗದ ವಿಸ್ಕಿಗೆ ಹೋದ್ರು.

ಈಗ ನೋಡಿ, ಅದೇ 2007ರಲ್ಲೇ ಸರ್ಕಾರ ದ್ರಾಕ್ಷಿ ರೈತರಿಗೆ ಅನುಕೂಲ ಆಗ್ಲಿ ಅಂತ ವೈನ್ ನೀತಿ ತಂತು. ಆಮೇಲೆ ದ್ರಾಕ್ಷಾರಸ ಮಂಡಳಿ ಬಂತು, ಬೆಂಗಳೂರಲ್ಲಿ ದ್ರಾಕ್ಷಾರಸ ಉತ್ಸವಾನೂ ಆಯ್ತು. ಬಡವರ ಪ್ಯಾಕೆಟ್ಟು ಮುಚ್ಚಿದ ವರ್ಷವೇ ಕಾಲಿರೋ ಗಾಜಿನ ಲೋಟಕ್ಕೆ ಬಾಗ್ಲು ತೆಗೆದ್ರು. ಪ್ಯಾಕೆಟ್ಟು ಮುಚ್ಚಿದ್ದಕ್ಕೆ ನಂಗೆ ಒಂಚೂರೂ ಬೇಜಾರಿಲ್ಲ, ಏಣಿ ನೋಡಿದೋಳು ನಾನು. ದ್ರಾಕ್ಷಿ ರೈತ ಬದುಕೋದಕ್ಕೂ ಹೊಟ್ಟೆಕಿಚ್ಚಿಲ್ಲ. ನನ್ನ ಸಂಕಟ ನೀರಾ ವಿಷಯದ್ದು.

ತೊಂಬತ್ತೊಂಬತ್ತು, ಎಲ್ಡು ಸಾವಿರದ ಆಸುಪಾಸಲ್ಲಿ ತೆಂಗಿಗೆ ನುಸಿ ಬಿತ್ತಲ್ಲ, ಮರೆತಿರ್ಲಾರಿರಿ. ಕಾಯಿ ಮೈಯೆಲ್ಲ ಕಜ್ಜಿ ಹತ್ತಿದಂಗೆ ಬಿರುಕು ಬಿಟ್ಟು, ಮುಷ್ಟಿಗಾತ್ರ ಆಗಿ ಉದುರೋದು. ಅಟ್ಟಕ್ಕೆ ಏರಿಸೋಕೇ ಏನೂ ಇರ್ತಿರ್ಲಿಲ್ಲ. ಕಾಯಿ ಬರ್ದಿದ್ರೆ ಹೊಂಬಾಳೇಲಿರೋ ರಸಾನಾದ್ರೂ ಇಳಿಸ್ಕೊಳ್ಳೋಣ ಅಂತ ರೈತರು ನೀರಾ ಕೇಳಿದ್ರು. ಒಡೆಯದ ಹೊಂಬಾಳೆ ಕಟ್ಟಿ, ದಿನಾ ಮೆತ್ತಗೆ ತಟ್ಟಿ, ತುದಿ ಕೊಯ್ದು ಗಡಿಗೆ ತೂಗುಬಿಟ್ರೆ ರಾತ್ರಿಯೆಲ್ಲ ತೊಟತೊಟ ಬೀಳೈತೆ. ವತ್ತಾರೆ ಬಿಸಿಲು ಏರೋಕ್ ಮುಂಚೆ ಇಳಿಸಿದ್ರೆ ಸಿಹಿ ನೀರಾ. ಹಂಗೇ ಬಿಟ್ರೆ ಗಾಳಿಯ ಯೀಸ್ಟು ಹತ್ತಿ ಮಧ್ಯಾಹ್ನಕ್ಕೆ ಹುಳಿ, ಸಂಜೆಗೆ ಹೆಂಡ. ಗಡಿಗೆಗೆ ಸುಣ್ಣ ಸವರಿದ್ರೆ ಸ್ವಲ್ಪ ತಡ ಆಗೈತೆ. ಸಿಹಿಗೂ ಹೆಂಡಕ್ಕೂ ನಡುವೆ ಇರೋದು ಕೆಲವೇ ಗಂಟೆ, ಅದಕ್ಕೇ ಅಬಕಾರಿಯೋರು ಒಪ್ತಿರ್ಲಿಲ್ಲ.

2001ರಲ್ಲಿ ನೀರಾ ಚಳವಳಿ ಜೋರಾಗಿ, ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳೀಲಿ ಗೋಲಿಬಾರ್ ಆಯ್ತು. ರೈತರು ಸತ್ರು. ಮರದ ರಸ ಇಳಿಸ್ತೀವಿ ಅಂದೋರು ಸತ್ರು ಕಣ್ರಮ್ಮ. ಅದೇ ತಾಲ್ಲೂಕಿನ ಮಣ್ಣಲ್ಲಿ ನಿಂತ್ಕಂಡು ನಾನು ಲೋಟ ಅಲ್ಲಾಡಿಸಿ ಮೂಸಿದ್ದು. ವೈನರೀಲಿ ತೋರಿಸೋ ಹುಡುಗಿ ನಗ್ತಾ ನಗ್ತಾ ಎಲ್ಲ ಹೇಳ್ತಿದ್ಲು, ಪಾಪ ಅವಳು ಆಗ ಹುಟ್ಟಿದ್ಲೋ ಇಲ್ವೋ.

ಆಮೇಲೆ ಎಷ್ಟೋ ವರ್ಷಕ್ಕೆ ತೆಂಗು ಬೆಳೆಗಾರರ ಕಂಪನಿಗಳಿಗೆ ನೀರಾ ಇಳಿಸೋಕೆ ಪರ್ವಾನಗಿ ಕೊಡೋ ನಿಯಮ ಬಂತು. ಈಗ ಐಸ್ ಡಬ್ಬಿ ಇಟ್ಟು ಇಳಿಸಿ, ತಣ್ಣಗೇ ಸಾಗಿಸಿ ಮಾರ್ತಾರೆ. ಕಾಸಿ ಬೆಲ್ಲ, ಸಕ್ಕರೇನೂ ಮಾಡ್ತಾರೆ. ಆದ್ರೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತ ಇಷ್ಟೊಂದು ತೋಟ ಇಟ್ಕಂಡು, ಬಂದ ನೆಂಟರಿಗೆ ಬೆಳಿಗ್ಗೆ ತೋಟಕ್ಕೆ ಕರ್ಕೊಂಡೋಗಿ, ಹೊಂಬಾಳೆ ಹೆಂಗೆ ಕಟ್ತಾರೆ ಅಂತ ತೋರಿಸಿ, ಒಂದು ಲೋಟ ಕೊಡೋ ಜಾಗ ಒಂದನ್ನೂ ನಾನು ಕಂಡಿಲ್ಲ. ದ್ರಾಕ್ಷಿಯೋರು ಮಾಡಿರೋದು ಅಷ್ಟೇ ತಾನೇ? ನಮ್ಮ ಸೊಸೆ ಅಂತಾಳೆ, ಮರ ಹತ್ತೋರೇ ಸಿಗಲ್ಲ ಅತ್ತೆ, ದಿನಕ್ಕೆ ಎಲ್ಡು ಸಲ ಯಾರು ಹತ್ತಾರೆ ಅಂತ. ಕಾಯಿ ಕೆಡವೋಕೇ ವಾರಗಟ್ಲೆ ಕಾಯೋ ಕಾಲ, ಅವಳ ಮಾತೂ ಸುಳ್ಳಲ್ಲ.

ನಿಮ್ಮೂರಲ್ಲಿ ಈಚಲ ವನ ಎಲ್ಲಿತ್ತು ಅಂತ ವಯಸ್ಸಾದೋರನ್ನ ಕೇಳಿ ಇಟ್ಕಳಿ, ಸಿಕ್ಕಾಗ ನಂಗೂ ಹೇಳಿ. ನಮ್ಮ ಕಡೆ ಒಬ್ಬ ಅಜ್ಜಿ ಕೆರೆ ಹಿಂದೆ ಅಂತಾರೆ, ಇನ್ನೊಬ್ರು ರೈಲು ದಾರಿ ಪಕ್ಕ ಅಂತಾರೆ.