ಔಷಧದಾನ, ಸೂಜಿ ಬಿಟ್ಟು!

ಲಕ್ಕುಂಡಿ ಅಂದಕೂಡಲೇ ನೆನಪಾಗೋದು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಾಕೆ. 1007ರ ಹೊತ್ತಿಗೆ ಆಕೆ ಕಟ್ಟಿಸಿದ ಬ್ರಹ್ಮಜಿನಾಲಯ ಇನ್ನೂ ಅಲ್ಲಿದೆ. ಪುಸ್ತಕ ಹಂಚಿದ್ದು ಶಾಸ್ತ್ರದಾನ. ಜೈನರು ಹೇಳೋ ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು. ಹೋದ ಸಲ ಆ ಬಸದಿ ನೋಡುವಾಗ ನನಗೆ ನೆನಪಾದದ್ದು ಬ್ಯಾಂಕಾಕ್! (ನಗಬೇಡಿ.)

ಮಾದಕವಸ್ತು ಚುಚ್ಚಿಕೊಳ್ಳುವ, ಆದರೆ ಎಚ್‌ಐವಿ ಇಲ್ಲದ 2,413 ಜನರನ್ನು ಸೇರಿಸಿಕೊಂಡು 2005ರಲ್ಲಿ ಅಲ್ಲೊಂದು ಪ್ರಯೋಗ ಶುರುವಾಯಿತು. ಅರ್ಧ ಜನಕ್ಕೆ ದಿನಕ್ಕೊಂದು ಟೆನೊಫೊವಿರ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಸಿ ಮಾತ್ರೆಯವರಲ್ಲಿ 33 ಜನಕ್ಕೆ ಸೋಂಕು, ಟೆನೊಫೊವಿರ್‌ನವರಲ್ಲಿ 17. ಹೆಚ್ಚುಕಮ್ಮಿ ಅರ್ಧಕ್ಕರ್ಧ ಕಡಿಮೆ! ಚುಚ್ಚಿಕೊಳ್ಳುವವರಿಗೂ ಮಾತ್ರೆಯಿಂದ ರಕ್ಷಣೆ ಉಂಟು ಅಂತ ಗೊತ್ತಾದದ್ದು ಹೀಗೆ.

ಆದರೆ ನೋಡಿ, ಅಷ್ಟು ವರ್ಷ ಅವರಿಗೆ ಹೊಸ ಸೂಜಿ ಮಾತ್ರ ಕೊಡಲಿಲ್ಲ. ಹಳೆಯದನ್ನೇ ತೊಳೆದುಕೊಳ್ಳಿ ಅಂತ ಬ್ಲೀಚ್ ಕೊಟ್ಟರು, ಕಾಂಡೋಮ್ ಕೊಟ್ಟರು. ಅಮೆರಿಕ ಸರ್ಕಾರದ ದುಡ್ಡಿನಲ್ಲಿ ಸೂಜಿ ಹಂಚೋ ಹಾಗಿರಲಿಲ್ಲ. ಥಾಯ್ಲೆಂಡಿನ ಚುಚ್ಚಿಕೊಳ್ಳುವವರದೇ ಸಂಘ ಇದಕ್ಕೇ ಜಗಳ ತೆಗೆದಿತ್ತು. ನನ್ನ ಕೇಳಿದರೆ ಅವರದ್ದೇ ನ್ಯಾಯ. ಏಳು ರೂಪಾಯಿಯ ರೋಗಕ್ಕೆ ಒಂದು ರೂಪಾಯಿಯ ಮದ್ದು ಬಚ್ಚಿಟ್ಟ ಹಾಗೆ... ನಮ್ಮ ಮಣಿಪುರದಲ್ಲಿ ಸೂಜಿ ಹಂಚೋ ಕೆಲಸ 1990ರ ದಶಕದಲ್ಲೇ ಶುರುವಾಗಿತ್ತು.