ಪುಟಕ್ಕಿಟ್ಟ ಚಿನ್ನ: ಒಂದು ಪಾರಿಭಾಷಿಕ ಪದದ ಹಿನ್ನೆಲೆ

‘ಪುಟಕ್ಕಿಟ್ಟ ಚಿನ್ನ’ ಎಂಬ ನುಡಿಗಟ್ಟಿಗೆ ‘ಬೆಂಕಿಯಲ್ಲಿ ಕರಗಿ ಶುದ್ಧವಾದ ಚಿನ್ನ’ ಎಂದು ಅರ್ಥ ಹೇಳುವುದುಂಟು. ಈ ವಿವರಣೆಯಲ್ಲಿ ಪದದ ಜೀವಾಳವೇ ತಪ್ಪಿಹೋಗುತ್ತದೆ. ಲೋಹ ಕರಗುವುದು ಮೂಸೆಯಲ್ಲಿ. ಪುಟದಲ್ಲಿ ಚಿನ್ನ ಕರಗಬಾರದು. ಪುಟವೆಂದರೆ ಅಳತೆಗೊಳಪಟ್ಟ ಕಾವು.

ಸಂಸ್ಕೃತದ ‘ಪುಟ’ ಶಬ್ದಕ್ಕೆ ಮಡಿಕೆ, ದೊನ್ನೆ, ಟೊಳ್ಳು ಎಂಬ ಅರ್ಥಗಳಿವೆ. ಎರಡು ಮಣ್ಣಿನ ತಟ್ಟೆಗಳನ್ನು ಬಾಯಿಗೆ ಬಾಯಿ ಸೇರಿಸಿ, ಮಣ್ಣು ಮೆತ್ತಿದ ಬಟ್ಟೆಯಿಂದ ಸಂದು ಮುಚ್ಚಿದರೆ ಅದು ಶರಾವಸಂಪುಟ. ಪಾತ್ರೆಯನ್ನು ಸೂಚಿಸುತ್ತಿದ್ದ ಶಬ್ದ ಅದನ್ನು ಸುಡುವ ಕ್ರಿಯೆಗೂ, ಆ ಕಾವಿನ ಪ್ರಮಾಣಕ್ಕೂ ಸಂದಿತು.

ವಾಗ್ಭಟನ ಹೆಸರಿನಲ್ಲಿರುವ ‘ರಸರತ್ನಸಮುಚ್ಚಯ’ವು ಖನಿಜಗಳ ಪಾಕದ ಪ್ರಮಾಣವನ್ನು ತಿಳಿಸುವುದೇ ಪುಟವೆಂದು ಹೇಳಿ, ಪಾಕ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು ಎನ್ನುತ್ತದೆ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಕಾವನ್ನು ಅಳೆದದ್ದು ಕುಣಿಯ ವಿಸ್ತಾರದಿಂದ ಮತ್ತು ಬೆರಣಿಯ ಎಣಿಕೆಯಿಂದ. ರೋಣ, ನರಗುಂದ, ಗಜೇಂದ್ರಗಡಗಳ ಕಡೆ ಬೆರಣಿಗೆ ಕುಳ್ಳು ಎನ್ನುತ್ತಾರೆ. ಮಹಾಪುಟಕ್ಕೆ ಎರಡು ಮೊಳದ ಚೌಕ ಕುಣಿ, ಕೆಳಗೆ 1000 ಕುಳ್ಳು, ಮೇಲೆ 500. ಕಪೋತಪುಟಕ್ಕೆ ಕೇವಲ 8. ನಡುವೆ ಗಜ, ವರಾಹ, ಕುಕ್ಕುಟ ಪುಟಗಳು. ಪ್ರಾಣಿಯ ಗಾತ್ರವೇ ಕಾವಿನ ಗಾತ್ರಕ್ಕೆ ಸಂಕೇತ. ಅಭ್ರಕ ಭಸ್ಮವನ್ನು ಶತಪುಟಿ, ಸಹಸ್ರಪುಟಿ ಎನ್ನುವಾಗ ಪುಟ ಎಣಿಕೆಯ ಮಾನವೂ ಆಗುತ್ತದೆ.

ಚಿನ್ನದ ಶುದ್ಧಿಯಲ್ಲಿ ಈ ಮಿತಿ ಇನ್ನೂ ಬಿಗಿಯಾದುದು. ಬೆಳ್ಳಿ ಬೆರೆತ ಚಿನ್ನವನ್ನು ತೆಳುವಾದ ತಗಡಾಗಿ ಬಡಿದು, ಉಪ್ಪು ಮತ್ತು ಇಟ್ಟಿಗೆಯ ಪುಡಿಯ ನಡುವೆ ಇರಿಸಿ, ಪಾತ್ರೆಯ ಬಾಯಿ ಮುಚ್ಚಿ ದೀರ್ಘಕಾಲ ಕಾಯಿಸಬೇಕು. ಬೆಳ್ಳಿ ಉಪ್ಪಿನೊಡನೆ ಕೂಡಿ ಪುಡಿಗೆ ಇಳಿಯುತ್ತದೆ. ಚಿನ್ನ ತಗಡಾಗಿಯೇ ಉಳಿಯುತ್ತದೆ. ಕಾವು ಸಾಲದಿದ್ದರೆ ಕಲಬೆರಕೆ ಬಿಡದು. ಸುಮಾರು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಪ್ಪಟ ಚಿನ್ನವೇ ಕರಗುತ್ತದೆ, ಬೆಳ್ಳಿ ಬೆರೆತದ್ದು ಅದಕ್ಕೂ ಮೊದಲು. ತಗಡು ಕರಗಿ ಗಟ್ಟಿಯಾದರೆ ಕೆಲಸ ಕೆಟ್ಟಂತೆ.

ಗಜೇಂದ್ರಗಡದ ಬಳಿಯ ಸೂಡಿ 11ನೆಯ ಶತಮಾನದಲ್ಲಿ ಅಕ್ಕಾದೇವಿ ಆಳಿದ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣ. ಕಲ್ಯಾಣ ಚಾಲುಕ್ಯರ ಟಂಕಸಾಲೆ ಇದ್ದ ಊರು. ನಾಣ್ಯದ ಬೆಲೆ ಲೋಹದ ಶುದ್ಧಿಯನ್ನೇ ನೆಚ್ಚಿದ್ದ ಅಂತಹ ಕಾಲದಲ್ಲಿ ಕಾವಿನ ಹದವರಿಯುವುದು ರಾಜ್ಯದ ನಂಬಿಕೆಯನ್ನು ಕಾಯುವ ವಿದ್ಯೆಯೂ ಆಗಿತ್ತು.

ಆದ್ದರಿಂದ ಒಬ್ಬ ವ್ಯಕ್ತಿಯನ್ನು ‘ಪುಟಕ್ಕಿಟ್ಟ ಚಿನ್ನ’ ಎಂದು ಕರೆದಾಗ, ಕಷ್ಟದಲ್ಲಿ ಕರಗಿಹೋದವನೆಂದು ಅರ್ಥವಲ್ಲ. ತನ್ನ ಆಕಾರವನ್ನು ಉಳಿಸಿಕೊಂಡೇ ಒಳಗಿನ ಕಲಬೆರಕೆಯನ್ನು ಕಳೆದುಕೊಂಡವನು ಎಂದರ್ಥ.