ಒಂದು ಮನೆ, ಎರಡು ಹೆಸರು

ಹಕ್ಕು, ಹಿಸ್ಸೆ, ಕಬ್ಜೆ, ವಾರಸು, ದಸ್ತಾವೇಜು. ದೊಡ್ಡಬಳ್ಳಾಪುರದ ಉಪನೋಂದಣಿ ಕಚೇರಿಯ ಬಳಿ ಪತ್ರ ಬರಹಗಾರರ ಬಾಯಲ್ಲಿ ದಿನವೆಲ್ಲ ಸುಳಿದಾಡುವ ಈ ಮಾತುಗಳು ಅರಬ್ಬಿ, ಫಾರಸಿಗಳಿಂದ ಬಂದು ಕನ್ನಡದ್ದೇ ಆಗಿಹೋಗಿವೆ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲೂ ಇದೇ ಭಾಷೆ. ಮಗ ಎಂಬರ್ಥದ ಅರಬ್ಬಿಯ ‘ಬಿನ್’ ಹಿಂದೂ, ಮುಸ್ಲಿಂ ಎನ್ನದೆ ಎಲ್ಲ ರೈತರ ಹೆಸರಿನಲ್ಲೂ ಸೇರಿಕೊಂಡಿದೆ. ಹೆಂಡತಿಯನ್ನು ಗುರುತಿಸಲು ‘ಕೋಂ’ ಇದೆ. ಆದರೆ ಹಳೆಯ ಮನೆಪತ್ರಗಳಲ್ಲಿ ಆ ‘ಕೋಂ’ ಹೆಚ್ಚಾಗಿ ಕಾಣಿಸಿಕೊಳ್ಳುವುದು ಗಂಡ ತೀರಿಕೊಂಡ ಮೇಲೆ. ಅವನು ಬದುಕಿರುವಾಗ ಮನೆ ‘ಬಿನ್’ನದು ಮಾತ್ರ.

ದೊಡ್ಡಬಳ್ಳಾಪುರದ ನೇಕಾರರ ಮನೆಯನ್ನೇ ನೋಡಿ. ಮಗ್ಗ ಇರುವುದೂ ಅಲ್ಲೇ, ಒಲೆ ಇರುವುದೂ ಅಲ್ಲೇ. ಗಂಡ ನೇಯ್ದರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಸೂರು ಏಳುವಾಗ ಅವಳ ಬಳೆ, ಸರ ಗಿರವಿ ಅಂಗಡಿ ಸೇರುತ್ತವೆ. ಪತ್ರ ಮಾತ್ರ ಒಬ್ಬನ ಹೆಸರಿಗೆ. ದೇವಾಂಗರ ಮನೆಯಲ್ಲೂ ಮುಸ್ಲಿಮರ ಮನೆಯಲ್ಲೂ ಕತೆ ಒಂದೇ.

ಇದಕ್ಕೆ ಧರ್ಮವನ್ನು ದೂರುವಂತಿಲ್ಲ. ಇಸ್ಲಾಮೀ ಕಾನೂನಿನಲ್ಲಿ ನಿಕಾಹ್ ಆದ ಮಾತ್ರಕ್ಕೆ ಹೆಣ್ಣಿನ ಆಸ್ತಿ ಗಂಡನದಾಗುವುದಿಲ್ಲ. ಮಹರ್ ಅವಳದೇ. ಬಾಕಿ ಉಳಿದ ಮಹರ್, ವಾರಸುದಾರರಿಗೆ ಹಂಚುವ ಮೊದಲೇ ತೀರಿಸಬೇಕಾದ ಸಾಲ. ಇಂಗ್ಲೆಂಡಿನ ವಿವಾಹಿತೆಯರಿಗೆ ಸ್ವಂತ ಆಸ್ತಿಯ ಮೇಲೆ ಇಂಥ ಅಧಿಕಾರ ಸಿಗಲು 1882ರ ಕಾಯ್ದೆ ಬರಬೇಕಾಯಿತು. ಮೈಸೂರು ಸಂಸ್ಥಾನವೂ ಹಿಂದುಳಿದಿರಲಿಲ್ಲ. 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದು, ಮನೆತನ ಪಾಲಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಹಿಸ್ಸೆ ಕೊಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ಹಿಂದೂ ವಿಧವೆಯರ ಆಸ್ತಿ ಹಕ್ಕಿನ ಕಾಯ್ದೆ ಬಂದದ್ದು 1937ರಲ್ಲಿ.

ಆದರೆ ಎರಡೂ ಕಾನೂನುಗಳಲ್ಲಿ ಒಂದು ಖಾಲಿ ಜಾಗವಿದೆ. ಗಂಡ ಹೆಂಡಿರು ಸೇರಿ ಕಟ್ಟಿದ್ದು ತಾನಾಗಿಯೇ ಇಬ್ಬರದೂ ಆಗುತ್ತದೆ ಎಂಬ ನಿಯಮ ನಮ್ಮಲ್ಲಿಲ್ಲ. ಪಕ್ಕದ ಗೋವಾದಲ್ಲಿ ಇದೆ. ಅದು 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯ ಬಳುವಳಿ. ಇಲ್ಲಿ ಪತ್ರದಲ್ಲಿ ಹೆಸರಿಲ್ಲದವಳು ತಾನೂ ಒಡತಿಯೆಂದು ಸಾಬೀತು ಮಾಡುವುದು ಬಲು ಕಷ್ಟ. ಸುತ್ತಿದ ಕಂಡಿಕೆಗೆ ರಸೀದಿ ಇರುವುದಿಲ್ಲ.

ಸರ್ಕಾರಕ್ಕೂ ಇದು ತಡವಾಗಿ ತಿಳಿಯಿತು. 1974ರ ಭೂಸುಧಾರಣೆಯ ಕಾಲದ ಘೋಷಣೆ ‘ಉಳುವವನೇ ಹೊಲದೊಡೆಯ’. ಆ ವ್ಯಾಕರಣದಲ್ಲೇ ಹೆಣ್ಣಿಗೆ ಜಾಗವಿರಲಿಲ್ಲ. 1991-92ರಲ್ಲಿ ಆಶ್ರಯ ಯೋಜನೆ ಬಂತು. 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಮನೆಗಳನ್ನು ಹೆಣ್ಣುಮಕ್ಕಳ ಹೆಸರಿಗೆ ಮಂಜೂರು ಮಾಡುವ ಪದ್ಧತಿ ಹಿಡಿಯಿತು. ಹೀಗೆ ಸರ್ಕಾರ ಕೊಟ್ಟ ಪುಟ್ಟ ಮನೆಗೆ ಅವಳ ಹೆಸರು ಬಂತು. ಸ್ವಂತ ದುಡ್ಡಿನಲ್ಲಿ ಕಟ್ಟಿದ ಎಷ್ಟೋ ದೊಡ್ಡ ಮನೆಗಳಿಗೆ ಇನ್ನೂ ಬಂದಿಲ್ಲ.

ಹೆಸರಿನಿಂದ ಏನಾಗುತ್ತದೆ? ಲೆಕ್ಕ ಹಾಕೋಣ. ಗಂಡ ತೀರಿಕೊಂಡಾಗ, ಮಕ್ಕಳಿದ್ದರೆ, ಮುಸ್ಲಿಂ ಹೆಂಡತಿಗೆ ಅವನ ಆಸ್ತಿಯಲ್ಲಿ ಎಂಟನೇ ಒಂದು ಪಾಲು. ಅಂದರೆ 16 ಪಾಲಿನಲ್ಲಿ 2. ಮನೆ ಮೊದಲೇ ಇಬ್ಬರಿಗೂ ಸಮನಾಗಿದ್ದರೆ 8 ಪಾಲು ಅವಳದೇ, ಗಂಡನ 8ರಲ್ಲಿ ಇನ್ನೂ 1 ಸೇರಿ ಒಟ್ಟು 9. ಶರೀಅತ್ತಿನ ಒಂದಕ್ಷರವೂ ಬದಲಾಗಲಿಲ್ಲ. ಬದಲಾದದ್ದು ಇಷ್ಟೇ: ಮೊದಲನೆಯ ಲೆಕ್ಕದಲ್ಲಿ ಅವಳು ಮಕ್ಕಳ ಮನೆಯಲ್ಲಿ ಇರುತ್ತಾಳೆ, ಎರಡನೆಯದರಲ್ಲಿ ಮಕ್ಕಳು ಅವಳ ಮನೆಯಲ್ಲಿ ಇರುತ್ತಾರೆ. 1956ರ ಹಿಂದೂ ವಾರಸಾ ಕಾಯ್ದೆಯಲ್ಲಿ ಗಂಡನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿಗೆ ಮಕ್ಕಳಷ್ಟೇ ಪಾಲು. ಅಲ್ಲಿಯೂ ಜಂಟಿ ಹೆಸರು ಇದೇ ರೀತಿ ಅವಳ ಬಲ ಹೆಚ್ಚಿಸುತ್ತದೆ.

ಜಂಟಿ ಎಂದರೆ ಒಬ್ಬರು ಹೋದ ಮೇಲೆ ಮನೆಯೆಲ್ಲ ಇನ್ನೊಬ್ಬರಿಗೆ ಎಂದು ಹಲವರು ತಿಳಿದಿದ್ದಾರೆ. ಅದು ಇಂಗ್ಲೆಂಡಿನ ಒಂದು ಪದ್ಧತಿ. ಅವಿಭಕ್ತ ಕುಟುಂಬದ ಹೊರಗೆ ಹಿಂದೂ ಕಾನೂನು ಅದನ್ನು ಅರಿಯದು ಎಂದು ಪ್ರಿವಿ ಕೌನ್ಸಿಲ್ 1896ರಲ್ಲೇ ಹೇಳಿತು. ಸಾಮಾನ್ಯವಾಗಿ ತೀರಿಕೊಂಡವರ ಭಾಗ ಅವರ ವಾರಸುದಾರರಿಗೆ ಹೋಗುತ್ತದೆ. ಇನ್ನು, ಸೇರಿ ಕೊಂಡವರ ಪಾಲು ಎಷ್ಟೆಷ್ಟೆಂದು ಪತ್ರದಲ್ಲಿ ಇಲ್ಲದಿದ್ದರೆ ಅವರು ಹಾಕಿದ ಹಣದ ಪ್ರಮಾಣ ನೋಡಬೇಕು, ಅದೂ ತಿಳಿಯದಿದ್ದರೆ ಸಮಪಾಲು ಎಂದುಕೊಳ್ಳಬೇಕು ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೆಯ ಕಲಮು. ಆದ್ದರಿಂದ ‘ತಲಾ ಅರ್ಧ’ ಎಂದು ಮೊದಲೇ ಬರೆಸುವುದು ಜಾಣತನ.

ಈಗ ಮನೆ ಯಾರ ಹೆಸರಿನಲ್ಲಿದೆ ಎಂದು ನೋಡುವುದು ಹೇಗೆ? ಮೊದಲು ನೋಂದಾಯಿತ ಕ್ರಯಪತ್ರ. ನಂತರ ಋಣಭಾರ ಪತ್ರ, ಜನರ ಮಾತಿನಲ್ಲಿ ಇಸಿ. ಆ ಸ್ವತ್ತಿನ ಮೇಲೆ ನೋಂದಣಿಯಾದ ಕ್ರಯ, ದಾನ, ಅಡಮಾನಗಳ ಪಟ್ಟಿ ಅದರಲ್ಲಿರುತ್ತದೆ. ಕೊನೆಗೆ ಖಾತೆ: ಹಳ್ಳಿಯಾದರೆ ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಅಥವಾ 11, ಪಟ್ಟಣವಾದರೆ ಇ-ಖಾತೆ. ಖಾತೆ ಎಂಬುದು ತೆರಿಗೆಯ ಲೆಕ್ಕ, ಅದರಿಂದಲೇ ಮಾಲೀಕತ್ವ ಹುಟ್ಟುವುದಿಲ್ಲ ಎಂದು ನ್ಯಾಯಾಲಯಗಳು ಹಲವು ಸಲ ಹೇಳಿವೆ. ಖಾತೆಗೆ ಹೆಂಡತಿಯ ಹೆಸರು ಸೇರಿಸಿದರೆ ಸಾಕು ಎನ್ನುವವರು ಇದನ್ನು ಮರೆಯಬಾರದು. ಮೊದಲು ಪತ್ರ, ಆಮೇಲೆ ಖಾತೆ.

ಪತ್ರ ಒಬ್ಬನ ಹೆಸರಿನಲ್ಲಿದ್ದರೆ ಅರ್ಧ ಭಾಗವನ್ನು ದಾನಪತ್ರ ಮಾಡಿ ನೋಂದಾಯಿಸಬಹುದು. ಗಂಡ ಹೆಂಡಿರ ನಡುವಿನ ದಾನಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಮನೆಯ ಬೆಲೆಯ ಮೇಲಲ್ಲ. ಅದೊಂದು ಸಣ್ಣ ನಿಗದಿತ ಮೊತ್ತ. ಮನೆಯ ಮೇಲೆ ಸಾಲವಿದ್ದರೆ ಮೊದಲು ಬ್ಯಾಂಕಿನ ಒಪ್ಪಿಗೆ ಪಡೆಯಬೇಕು.

ಮುಸ್ಲಿಮರಿಗೆ ಹಿಬಾದ ದಾರಿಯೂ ಇದೆ. ಅದಕ್ಕೆ ಬೇಕಾದ್ದು ಮೂರು: ಕೊಟ್ಟೆ ಎಂಬ ಮಾತು, ಒಪ್ಪಿದೆ ಎಂಬ ಮಾತು, ಮತ್ತು ಕಬ್ಜೆ. ಒಂದೇ ಸೂರಿನ ಕೆಳಗಿರುವ ಗಂಡ ಕಬ್ಜೆ ಬಿಟ್ಟುಕೊಡುವುದು ಹೇಗೆ? ಹೆಂಡತಿಗೆ ಕೊಟ್ಟ ಮನೆಯಲ್ಲಿ ಅವನು ಮುಂದೆಯೂ ವಾಸವಿದ್ದ ಮಾತ್ರಕ್ಕೆ ಹಿಬಾ ಬಿದ್ದುಹೋಗದು ಎಂದು ಬಾಂಬೆ ಹೈಕೋರ್ಟು 1864ರ ಅಮೀನಾ ಬೀಬಿ ಪ್ರಕರಣದಲ್ಲಿ ಹೇಳಿತು. ಹಿಬಾಕ್ಕೆ ನೋಂದಣಿ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಹಫೀಜಾ ಬೀಬಿ ಪ್ರಕರಣದಲ್ಲಿ ಖಚಿತಪಡಿಸಿದೆ. ಹನಫಿ ಮತದಲ್ಲಿ ‘ಮುಶಾ’ದ ತೊಡಕೊಂದಿದೆ: ಭಾಗ ಮಾಡಬಹುದಾದ ಸ್ವತ್ತಿನಲ್ಲಿ ಬೇರ್ಪಡಿಸದ ಪಾಲನ್ನು ಹಿಬಾ ಕೊಟ್ಟರೆ ಅದು ದೋಷಯುಕ್ತ, ಬೇರ್ಪಡಿಸಿದ ಮೇಲೆ ಸರಿಯಾಗುತ್ತದೆ. ಭಾಗ ಮಾಡಲಾಗದ ಪುಟ್ಟ ಮನೆಗೆ ಈ ತೊಡಕಿಲ್ಲ. ಆದರೂ ಬಾಯಿಮಾತಿಗೆ ನಾಳೆ ಸಾಕ್ಷಿ ಹುಡುಕಬೇಕಾದೀತು. ಬರೆದು, ಕಬ್ಜೆ ಕೊಟ್ಟ ಸಂಗತಿಯನ್ನೂ ಅದರಲ್ಲಿ ಸೇರಿಸಿ ನೋಂದಾಯಿಸಿದರೆ ತಕರಾರು ಕಡಿಮೆ.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಯ ನೆಲದ ಬೆಲೆ ಬೇರೆಯೇ ಆಗಿದೆ. ಅಜ್ಜಿಯ ಕಾಲದಲ್ಲಿ ಯಾರೂ ಕೇಳದ ಹಿತ್ತಿಲಿಗೂ ಈಗ ದಲ್ಲಾಳಿಗಳು ಬರುತ್ತಾರೆ. ಪತ್ರದಲ್ಲಿ ಒಂದೇ ಹೆಸರಿದ್ದರೆ ಹೊರಗೆ ಚಹಾದಂಗಡಿಯಲ್ಲಿ ವ್ಯಾಪಾರ ಮುಗಿದು, ಒಳಗಿನವಳಿಗೆ ಮನೆ ಖಾಲಿ ಮಾಡುವ ದಿನ ತಿಳಿಯಬಹುದು. ಎರಡು ಹೆಸರಿದ್ದರೆ ಇಡೀ ಮನೆ ಮಾರಲು ಅವಳ ರುಜುವೂ ಬೇಕು. ರುಜು ಬೇಕೆಂದ ಮೇಲೆ ಅವಳನ್ನು ಕೇಳಲೇಬೇಕು.